ಒಂದೇ ಫೈಲು, ಎರಡು ದಾರಿ

ಹಳೆಯ ಸಿ ಪ್ರೋಗ್ರಾಮೊಂದರ ಉಸ್ತುವಾರಿ ನನ್ನ ಪಾಲಿಗೆ ಬಂದಿತ್ತು. ಅದರ ಮೇಲಿದ್ದ ದೂರು ಇಷ್ಟೆ: ಟರ್ಮಿನಲ್‌ನಲ್ಲಿ ಓಡಿಸಿದರೆ ಸಾಲುಗಳು ಕ್ರಮವಾಗಿ ಬರುತ್ತವೆ, ಔಟ್‌ಪುಟ್ಟನ್ನು ಫೈಲಿಗೆ ತಿರುಗಿಸಿದರೆ ಹಿಂದುಮುಂದಾಗುತ್ತವೆ. ಕೋಡಿನಲ್ಲಿ ಕೆಲವು ಸಾಲು ಪ್ರಿಂಟ್‌ಎಫ್‌ನಿಂದ, ಕೆಲವು ರೈಟ್‌ನಿಂದ ಹೋಗುತ್ತಿದ್ದವು.

ಎಸ್‌ಟ್ರೇಸ್ ಹಾಕಿ ನೋಡಿದೆ. ರೈಟ್‌ನ ಸಣ್ಣ ಸಣ್ಣ ಕರೆಗಳು ಒಂದರ ಹಿಂದೊಂದು ಕಂಡವು. ಕೊನೆಯಲ್ಲಿ, ಪ್ರೋಗ್ರಾಮ್ ಮುಗಿಯುವ ಹೊತ್ತಿಗೆ, ಪ್ರಿಂಟ್‌ಎಫ್‌ನ ಅಷ್ಟೂ ಸಾಲುಗಳು ಒಂದೇ ದೊಡ್ಡ ಕರೆಯಲ್ಲಿ ಹೊರಬಿದ್ದವು. ಪ್ರಿಂಟ್‌ಎಫ್ ಬರೆಯುವುದು ಪ್ರೋಗ್ರಾಮಿನ ಮೆಮೊರಿಯಲ್ಲೇ ಇರುವ ಬಫರಿಗೆ. ರೈಟ್ ನೇರ ಕರ್ನಲ್‌ಗೆ. ಟರ್ಮಿನಲ್ ಎದುರಿಗಿದ್ದರೆ ಆ ಬಫರ್ ಸಾಲು ಮುಗಿದಾಗಲೆಲ್ಲ ಖಾಲಿಯಾಗುತ್ತದೆ, ಫೈಲು ಅಥವಾ ಪೈಪ್ ಆದರೆ ತುಂಬುವವರೆಗೂ ಕಾಯುತ್ತದೆ. ಹಾಗಾಗಿ ಇಂಥ ಕೋಡು ಕೈಗೆ ಬಂದರೆ ಈಗ ನಾನು ಮೊದಲು ಅದರ ಔಟ್‌ಪುಟ್ಟನ್ನು ಕ್ಯಾಟ್‌ಗೆ ಪೈಪ್ ಮಾಡಿ ನೋಡುತ್ತೇನೆ. ರೈಟ್‌ಗೆ ಮುಂಚೆ ಎಫ್‌ಫ್ಲಶ್ ಕರೆದರೆ ಕ್ರಮ ಸರಿಹೋಗುತ್ತದೆ.

ಓದುವಾಗಿನ ತೊಡಕು ಇದಕ್ಕಿಂತ ಆಳದ್ದು. ಅದೇ ಪ್ರೋಗ್ರಾಮ್ ಫೈಲಿನ ಮೊದಲ ಸಾಲನ್ನು ಎಫ್‌ಗೆಟ್ಸ್‌ನಿಂದ ಓದಿ, ಮಿಕ್ಕ ಡೇಟಾವನ್ನು ಅದೇ ಫೈಲಿನ ಡಿಸ್ಕ್ರಿಪ್ಟರ್ ಮೇಲೆ ರೀಡ್‌ನಿಂದ ಓದುತ್ತಿತ್ತು. ಮೊದಲ ಸಾಲು 20 ಬೈಟ್ ಎಂದಿಟ್ಟುಕೊಳ್ಳಿ. ಲಿನಕ್ಸ್‌ನಲ್ಲಿ ಲೈಬ್ರರಿ ಆ 20ಕ್ಕಾಗಿ ಸಾಮಾನ್ಯವಾಗಿ 4096 ಬೈಟ್‌ಗಳನ್ನು ಒಟ್ಟಿಗೆ ಎಳೆದುಕೊಳ್ಳುತ್ತದೆ. ಎಫ್‌ಟೆಲ್ ಕೇಳಿದರೆ 20, ಎಲ್‌ಸೀಕ್ ಕೇಳಿದರೆ 4096. ರೀಡ್ ಶುರುವಾಗುವುದು ಎರಡನೆಯದರಿಂದ. ಫೈಲು ಅದಕ್ಕಿಂತ ಚಿಕ್ಕದಾಗಿದ್ದರೆ ರೀಡ್ ಸೊನ್ನೆ ಕೊಡುತ್ತದೆ. ಡೇಟಾ ಇದ್ದೂ ಇಲ್ಲದಂತೆ, ಎರರ್ ಕೂಡ ಇಲ್ಲ. ನನಗೆ ದಿಗಿಲಾಗುವುದು ಈ ಮೌನಕ್ಕೆ. ಎಫ್‌ಟೆಲ್ ಕೊಟ್ಟ ಜಾಗಕ್ಕೆ ಎಲ್‌ಸೀಕ್ ಮಾಡಿ ಮುಂದುವರಿಯಬಹುದು, ಮತ್ತೆ ಎಫ್‌ಗೆಟ್ಸ್‌ಗೆ ಮರಳುವಾಗ ಎಫ್‌ಸೀಕ್ ಮಾಡಬೇಕು. ಪೈಪ್ ಆದರೆ ಆ ಅನುಕೂಲವೂ ಇಲ್ಲ, ಹಿಂದಕ್ಕೆ ಹೋಗಲಾಗದು. ಅಲ್ಲಿ ಪೋಲ್ ಕರೆದರಂತೂ, ಬೇಕಾದ ಸಾಲು ಬಫರಿನಲ್ಲೇ ಕೂತಿದ್ದರೂ ಕರ್ನಲ್‌ಗೆ ಅದು ಕಾಣದೆ ಪ್ರೋಗ್ರಾಮ್ ಕಾಯುತ್ತಲೇ ಇರಬಹುದು.

ಬಫರನ್ನೇ ತೆಗೆದುಹಾಕಿ ಎನ್ನುವವರಿದ್ದಾರೆ. ಸೆಟ್‌ವಿಬಫ್‌ನಿಂದ ಅದು ಸಾಧ್ಯ. ಆದರೆ ಆಮೇಲೆ ಒಂದೊಂದು ಗೆಟ್‌ಸಿಗೂ ಒಂದು ಬೈಟಿನ ರೀಡ್ ನಡೆಯುತ್ತದೆ. ದೊಡ್ಡ ಫೈಲಿಗೆ ಇದು ತೀರಾ ದುಬಾರಿ. ನನಗೆ ಒಪ್ಪಿಗೆಯಾಗುವುದು ಒಂದು ಫೈಲಿಗೆ ಒಂದೇ ದಾರಿ. ಓಪನ್‌ನಿಂದ ತೆರೆಯಲೇಬೇಕಾದಲ್ಲಿ, ಕೂಡಲೇ ಎಫ್‌ಡಿಓಪನ್‌ನಿಂದ ಸ್ಟ್ರೀಮ್ ಮಾಡಿಕೊಂಡು, ಆಮೇಲೆ ಡಿಸ್ಕ್ರಿಪ್ಟರನ್ನು ಮುಟ್ಟುವುದಿಲ್ಲ. ಮುಚ್ಚುವುದೂ ಎಫ್‌ಕ್ಲೋಸ್‌ನಿಂದಲೇ, ಒಂದೇ ಸಲ.

ಫೋರ್ಕ್ ಇರುವ ಕೋಡಿನಲ್ಲಿ ಇನ್ನೊಂದು ಎಚ್ಚರ ಬೇಕು. ಬಫರ್ ಮೆಮೊರಿಯಲ್ಲಿರುವುದರಿಂದ ಮಗು ಪ್ರೋಸೆಸ್‌ಗೂ ಅದರ ಪ್ರತಿ ಹೋಗುತ್ತದೆ. ಇಬ್ಬರೂ ಎಕ್ಸಿಟ್ ಕರೆದರೆ ಒಂದೇ ಸಾಲು ಎರಡು ಬಾರಿ ಅಚ್ಚಾಗುತ್ತದೆ. ಫೋರ್ಕ್‌ಗೆ ಮುಂಚೆ ಎಫ್‌ಫ್ಲಶ್ ಮಾಡಿ, ಮಗುವಿನಲ್ಲಿ ಎಕ್ಸಿಟ್ ಬದಲು ಅಂಡರ್‌ಸ್ಕೋರ್ ಎಕ್ಸಿಟ್ ಕರೆದರೆ ಈ ತೊಂದರೆ ಬರುವುದಿಲ್ಲ.