ಒಂದೇ ಹವ್ಯಾಸ, ಬೇರೆ ಬೇರೆ ಜೇಬು: ಹಕ್ಕಿ ನೋಡುವ ಬಳಗದಲ್ಲಿ ಹಣದ ಅಂತರ ನಿಭಾಯಿಸುವ ಬಗೆ

ಹವ್ಯಾಸದ ಖರ್ಚು ನಡೆಯುವುದು ದಿನಸಿ, ಸಾಲದ ಕಂತು, ಮಕ್ಕಳ ಫೀಸು ಎಲ್ಲ ಕಳೆದ ಮೇಲೆ ಕೈಯಲ್ಲಿ ಉಳಿಯುವ ದುಡ್ಡಿನಲ್ಲಿ. ಈ ಉಳಿಕೆ ಇಬ್ಬರಲ್ಲಿ ಒಂದೇ ಸಮ ಇರುವುದು ಅಪರೂಪ. ಒಂದೇ ಶಾಲೆಯಲ್ಲಿ ಒಂದೇ ಸಂಬಳ ಪಡೆಯುವ ಇಬ್ಬರು ಮೇಷ್ಟ್ರುಗಳಲ್ಲೂ ಒಬ್ಬರಿಗೆ ಮನೆ ಸಾಲ ಮತ್ತು ತಂಗಿಯ ಮದುವೆಯ ಜವಾಬ್ದಾರಿ ಇದ್ದರೆ, ಇನ್ನೊಬ್ಬರದು ಸ್ವಂತ ಮನೆ, ಗಂಡ ಹೆಂಡಿರಿಬ್ಬರಿಗೂ ನೌಕರಿ. ಕೇರಂ, ಚದುರಂಗ, ಗಮಕದಂಥ ಹವ್ಯಾಸಗಳಲ್ಲಿ ಈ ವ್ಯತ್ಯಾಸ ಅಷ್ಟಾಗಿ ಹೊರಗೆ ಕಾಣುವುದಿಲ್ಲ. ಹಕ್ಕಿ ನೋಡುವುದರಲ್ಲಿ ಅದು ಕೊರಳಲ್ಲೇ ನೇತಾಡುತ್ತದೆ. ಹೊಸಬರಿಗೆ ಸಾಲುವ ಬೈನಾಕ್ಯುಲರ್ 5ರಿಂದ 10 ಸಾವಿರ ರೂಪಾಯಿಗೆ ಸಿಗುತ್ತದೆ. 600 ಎಂ.ಎಂ. ತನಕ ಹೋಗುವ ಜೂಮ್ ಲೆನ್ಸಿಗೆ ಒಂದರಿಂದ ಎರಡು ಲಕ್ಷ ಬೇಕು. ಪಳಗಿದ ಛಾಯಾಗ್ರಾಹಕರು ಹೊತ್ತು ತರುವ 600 ಎಂ.ಎಂ. ಪ್ರೈಮ್ ಲೆನ್ಸಿನ ಬೆಲೆ ಹತ್ತು ಲಕ್ಷ ದಾಟುತ್ತದೆ. ಒಂದೇ ಬಂಡೆಯ ಮೇಲೆ ಕೂತು ಒಂದೇ ಹಕ್ಕಿಗಾಗಿ ಕಾಯುವ ಇಬ್ಬರ ನಡುವೆ ಊರಾಚೆಯ ಒಂದು ಸೈಟಿನ ಬೆಲೆಯಷ್ಟು ಅಂತರ ಇರಬಹುದು.

ಚಿಕ್ಕಬಳ್ಳಾಪುರದಿಂದ ಸುಮಾರು 7 ಕಿ.ಮೀ. ದೂರದ ಮುದ್ದೇನಹಳ್ಳಿ ಸುತ್ತ ಈ ಅಂತರ ವಾರಕ್ಕೊಮ್ಮೆಯಾದರೂ ಎದುರಾಗುತ್ತದೆ. ಊರಿನ ಬೆನ್ನಿಗೇ ಇರುವ ನಂದಿಬೆಟ್ಟ 1,478 ಮೀಟರ್ ಎತ್ತರದ್ದು. ದಕ್ಷಿಣ ಭಾರತದ ಕಲ್ಲುಬೆಟ್ಟಗಳಲ್ಲಿ ಮಾತ್ರ ಕಾಣುವ ಹಳದಿ ಕೊರಳಿನ ಪಿಕಳಾರ ಇಲ್ಲಿದೆ. ಪಶ್ಚಿಮಘಟ್ಟದ ನೀಲಗಿರಿ ಮರಪಾರಿವಾಳ ಘಟ್ಟದಿಂದ ಇಷ್ಟು ದೂರದಲ್ಲಿ ನೆಲೆ ನಿಂತಿರುವುದು ಇನ್ನೊಂದು ವಿಶೇಷ. ಚಳಿಗಾಲದಲ್ಲಿ ಹಿಮಾಲಯದ ಕಡೆಯಿಂದ ನೊಣಹಿಡುಕಗಳೂ ನೀಲಿ ರಾಬಿನ್ನೂ ಬರುತ್ತವೆ. ಇವುಗಳಿಗಾಗಿ ಭಾನುವಾರ ನಸುಕಿಗೇ ಬೆಂಗಳೂರಿನ ಕಾರುಗಳು ಬೆಟ್ಟದ ಬುಡ ಸೇರುತ್ತವೆ. ಅದೇ ಹಕ್ಕಿಗಳ ಹುಚ್ಚು ಹಿಡಿದ ಕಾಲೇಜು ಹುಡುಗರು, ಮೇಷ್ಟ್ರುಗಳು, ರೇಷ್ಮೆ ಮತ್ತು ದ್ರಾಕ್ಷಿ ಬೆಳೆಗಾರರು ಇತ್ತಲ ಹಳ್ಳಿಗಳಲ್ಲೂ ಇದ್ದಾರೆ. ಇಂಥವರೆಲ್ಲ ಸೇರಿ ಬಳಗ ಕಟ್ಟುವಾಗ ಹಣದ ವಿಷಯವನ್ನು ಯಾವ ಕ್ರಮದಲ್ಲಿ ಇತ್ಯರ್ಥ ಮಾಡಿಕೊಳ್ಳಬೇಕು ಎಂಬುದು ಈ ಲೇಖನದ ವಿಷಯ.

ಬಾಗಿಲು ಎಷ್ಟು ಅಗಲ?

ಮೊದಲು ತೀರ್ಮಾನವಾಗಬೇಕಾದದ್ದು ಪ್ರವೇಶದ ಸಂಗತಿ. ಇದಕ್ಕೆ ಬೆಂಗಳೂರಿನಲ್ಲೇ ಎರಡು ಮಾದರಿಗಳಿವೆ. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1917ರಲ್ಲಿ, ಸೆಂಚುರಿ ಕ್ಲಬ್ ಆರಂಭವಾಯಿತು. ನೂರು ಮಂದಿ ಸ್ಥಾಪಕ ಸದಸ್ಯರಿದ್ದುದರಿಂದ ಆ ಹೆಸರು. ಸದಸ್ಯತ್ವವೇ ಅಲ್ಲಿ ಬಾಗಿಲು. 1970ರ ದಶಕದಲ್ಲಿ ಶುರುವಾದ ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್ಬಿನ ಹಾದಿ ಬೇರೆ. ಪ್ರತಿ ತಿಂಗಳ ಎರಡನೇ ಭಾನುವಾರ ಲಾಲ್‌ಬಾಗಿನಲ್ಲಿ ಅದು ನಡೆಸುತ್ತ ಬಂದ ನಡಿಗೆಗೆ ಯಾರು ಬೇಕಾದರೂ ಹೋಗಿ ಸೇರಿಕೊಳ್ಳಬಹುದಾಗಿತ್ತು. ಊರಿನ ಹಕ್ಕಿ ಬಳಗಕ್ಕೆ ಎರಡನೆಯದೇ ಸರಿ. ಸದಸ್ಯತ್ವ ಶುಲ್ಕ ಇಡಲೇಬೇಕಾದರೆ ವರ್ಷಕ್ಕೊಮ್ಮೆ, ಕೊಡುವವರ ಅನುಕೂಲದ ತಿಂಗಳಲ್ಲಿ ತೆಗೆದುಕೊಳ್ಳುವುದು ಲೇಸು.

ಈ ಭಾಗದಲ್ಲಿ ‘ಅನುಕೂಲದ ತಿಂಗಳು’ ಒಬ್ಬೊಬ್ಬರಿಗೆ ಒಂದೊಂದು. ನೌಕರರಿಗೆ ತಿಂಗಳ ಮೊದಲ ವಾರ. ಹಾಲು ಹಾಕುವವರಿಗೆ ಡೇರಿಯ ಬಟವಾಡೆ ದಿನ. ದ್ರಾಕ್ಷಿಯವರಿಗೆ ಕೊಯ್ಲು. ಶಿಡ್ಲಘಟ್ಟದ ಕಡೆ ರೇಷ್ಮೆ ಬೆಳೆಯುವವರಿಗೆ ಗೂಡು ಮಾರುಕಟ್ಟೆಯಲ್ಲಿ ಹರಾಜಾದ ದಿನ. ಚಾಕಿ (ಎಳೆಹುಳ) ತಂದು ಸಾಕಿದ ಹುಳ ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದ ಮೇಲೆ ಸುಮಾರು ಒಂದು ವಾರ ಹಗಲು ರಾತ್ರಿ ಸೊಪ್ಪು ಬೇಡುತ್ತದೆ. ಆ ವಾರ ಮನೆಯವರ ಕೈಯಲ್ಲಿ ಕಾಸೂ ಇಲ್ಲ, ಪುರುಸೊತ್ತೂ ಇಲ್ಲ. ಹುಳ ಹಣ್ಣಾಗಿ ಗೂಡು ಕಟ್ಟುವ ಚಂದ್ರಿಕೆ ಏರಿ, ಗೂಡು ಬಿಡಿಸಿ ಮಾರಿದ ಮೇಲೆ ಎರಡೂ ಒಟ್ಟಿಗೆ ಬರುತ್ತವೆ. ಇದನ್ನು ತಿಳಿಯದ ನಗರದ ಗೆಳೆಯರು, ಎರಡು ಭಾನುವಾರ ಬಾರದವರನ್ನು ಆಸಕ್ತಿ ಇಲ್ಲದವರೆಂದು ಎಣಿಸುತ್ತಾರೆ. ಆದಾಯ ಎಷ್ಟು ಎಂದು ಯಾರನ್ನೂ ಕೇಳಬೇಕಾಗಿಲ್ಲ. ಯಾವಾಗ ಬಿಡುವು, ಯಾವಾಗ ಬಿಗಿ ಎಂಬುದು ಗೊತ್ತಿದ್ದರೆ ಸಾಕು.

ನಡಿಗೆಯ ಖರ್ಚು

ತಿಂಗಳ ನಡಿಗೆ ಬಸ್ಸಿನಲ್ಲೋ ಸೈಕಲ್ಲಿನಲ್ಲೋ ಹೋಗಿಬರುವ ದೂರದಲ್ಲೇ ಇರಬೇಕು. ಚಿಕ್ಕಬಳ್ಳಾಪುರದ ಕಂದವಾರ ಕೆರೆಗೆ ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಹರಿದು ಬಂದ ಮೇಲೆ ನೀರುಹಕ್ಕಿ ನೋಡಲು ದೂರ ಹೋಗುವ ಅಗತ್ಯ ಕಡಿಮೆಯಾಗಿದೆ. ಗುಡಿಬಂಡೆಯ ಅಮಾನಿ ಭೈರಸಾಗರವೂ ಜಿಲ್ಲೆಯೊಳಗೇ ಇದೆ. ನಂದಿಗೆ ಹೋಗುವ ದಿನ ಪ್ರವೇಶ, ಪಾರ್ಕಿಂಗ್, ತಿಂಡಿ ಸೇರಿ ತಲೆಗೆ ಎಷ್ಟು ಬೀಳುತ್ತದೆಂಬುದನ್ನು ಹಿಂದಿನ ವಾರವೇ ತಿಳಿಸಬೇಕು. ಹಿಂಜರಿಕೆ ಹುಟ್ಟಿಸುವುದು ಬಹಳ ಸಲ ದೊಡ್ಡ ಮೊತ್ತವಲ್ಲ, ಗೊತ್ತಿಲ್ಲದ ಮೊತ್ತ. ನಡಿಗೆ ಮುಗಿಸಿ ಎಲ್ಲರೂ ಹೆದ್ದಾರಿಯ ಹೋಟೆಲಿಗೆ ನುಗ್ಗಿದಾಗ ‘ನನಗೆ ಹಸಿವಿಲ್ಲ’ ಎಂದು ಹೊರಗೆ ನಿಲ್ಲುವ ಹುಡುಗನಿಗೆ ನಿಜಕ್ಕೂ ಹಸಿವಿರುತ್ತದೆ. ಬುತ್ತಿ ಕಟ್ಟಿಕೊಂಡು ಬರುವ ರೂಢಿ ಹಾಕಿದರೆ ಈ ತೊಡಕೇ ಹುಟ್ಟುವುದಿಲ್ಲ. ಹುಣಸೆ ಗೊಜ್ಜಿನ ಅನ್ನಕ್ಕೂ ಚಪಾತಿ ಪಲ್ಯಕ್ಕೂ ಬಂಡೆಯ ಮೇಲೆ ಹೆಚ್ಚು ಕಡಿಮೆ ಎಂಬುದಿಲ್ಲ.

ಕಾರಿನ ವಿಷಯ ಸ್ವಲ್ಪ ಸೂಕ್ಷ್ಮ. ಕಾರಿದ್ದವರು ಮೊದಮೊದಲು ‘ಬಿಡಿ, ಹೇಗೂ ಹೋಗ್ತಾ ಇದ್ದೀನಲ್ಲ’ ಎನ್ನುತ್ತಾರೆ. ನಾಲ್ಕಾರು ಸಲ ಕಳೆದ ಮೇಲೆ ಅವರಿಗೆ ತಾನು ಡ್ರೈವರನಾದೆನೇ ಎನ್ನಿಸುತ್ತದೆ, ಕೂತವರಿಗೆ ಋಣ ಹೆಚ್ಚಾಯಿತೆನ್ನಿಸುತ್ತದೆ. ಇಬ್ಬರೂ ಬಾಯಿ ಬಿಡುವುದಿಲ್ಲ. ಮೊದಲ ದಿನವೇ ನಿಯಮ ಮಾಡಿದರೆ ಯಾರಿಗೂ ಮುಜುಗರವಿಲ್ಲ. ಹೋಗಿಬರಲು 40 ಕಿ.ಮೀ., ಲೀಟರಿಗೆ 15 ಕಿ.ಮೀ., ಪೆಟ್ರೋಲ್ 100 ರೂಪಾಯಿ ಎಂದಿಟ್ಟುಕೊಂಡರೆ ಇಂಧನ ಸುಮಾರು 267 ರೂಪಾಯಿ. ಕಾರಿನವರೂ ಸೇರಿ ನಾಲ್ವರಿಗೆ ಹಂಚಿದರೆ ತಲೆಗೆ 67. ವಿದ್ಯಾರ್ಥಿಗಳಿಗೆ ವಿನಾಯಿತಿ ಕೊಡುವುದಾದರೆ ಎಲ್ಲ ವಿದ್ಯಾರ್ಥಿಗಳಿಗೂ ಕೊಡಬೇಕು. ಒಬ್ಬನನ್ನೇ ಆರಿಸಿ ಬಿಡುವುದು ಎಲ್ಲರೆದುರು ಅವನ ಬಡತನ ಸಾರಿದಂತೆ.

ಉಪಕರಣ

ಫಿಲ್ಮ್ ರೋಲಿನ ಕಾಲದಲ್ಲಿ 36 ಚಿತ್ರ ಮುಗಿದರೆ ಮತ್ತೆ ದುಡ್ಡು ಬಿಚ್ಚಬೇಕಿತ್ತು. ಈಗ ಕ್ಲಿಕ್ಕಿಗೆ ಖರ್ಚಿಲ್ಲ, ಕ್ಯಾಮೆರಾ ಕೊಳ್ಳುವ ದಿನವೇ ಇಡೀ ಭಾರ. ಹಾಗಾಗಿ ಹೊಸಬರಿಗೆ ಕೊಡಬಹುದಾದ ಅತ್ಯುತ್ತಮ ಸಲಹೆ ಕ್ಯಾಮೆರಾ ಬಿಟ್ಟು ಬೈನಾಕ್ಯುಲರಿನಿಂದ ಆರಂಭಿಸುವುದು. ಅದರಲ್ಲೂ 8x42 ಎಂದು ಬರೆದದ್ದನ್ನು ನೋಡಿ ಕೊಳ್ಳಬೇಕು. ಎಂಟು ಪಟ್ಟು ದೊಡ್ಡದಾಗಿ ಕಾಣಿಸುತ್ತದೆ, ಮುಂದಿನ ಗಾಜು 42 ಮಿ.ಮೀ. ಅಗಲ ಎಂದು ಇದರ ಅರ್ಥ. 42ನ್ನು 8ರಿಂದ ಭಾಗಿಸಿದರೆ ಬರುವ ಐದು ಮಿ.ಮೀ. ಚಿಲ್ಲರೆಯಷ್ಟು ಅಗಲದ ಬೆಳಕು ಕಣ್ಣಿಗೆ ಬೀಳುತ್ತದೆ. ಅಂಗಡಿಯವರು ‘ಇದು ಹತ್ತು ಪಟ್ಟು’ ಎಂದು ಕೊಡುವ ಪುಟ್ಟ 10x25ರಲ್ಲಿ ಅದು ಎರಡೂವರೆ ಮಿ.ಮೀ. ಮಾತ್ರ. ನಂದಿಯ ಮಂಜು ಕವಿದ ಬೆಳಗಿನಲ್ಲಿ ಪೊದೆಯೊಳಗಿನ ಹಕ್ಕಿ ಅದರಲ್ಲಿ ಕರಿಯ ಮುದ್ದೆಯಾಗಿ ಕಾಣುತ್ತದೆ. ಹಕ್ಕಿಯ ಕೂಗನ್ನು ಗುರುತಿಸುವ ಮರ್ಲಿನ್, ಪಟ್ಟಿ ದಾಖಲಿಸುವ ಇ-ಬರ್ಡ್ ಎರಡೂ ಉಚಿತ ಆ್ಯಪ್‌ಗಳು.

ಅಷ್ಟೂ ಕೈಗೆಟುಕದವರಿಗಾಗಿ ಬಳಗವೇ ಕೊಳ್ಳಬಹುದು. 7,000 ರೂಪಾಯಿಯ ಮೂರು ಬೈನಾಕ್ಯುಲರಿಗೆ 21,000 ಬೇಕು. 30 ಜನರಿದ್ದರೆ ತಲೆಗೆ 700. ಎಲ್ಲರಿಂದಲೂ ಅಷ್ಟನ್ನೇ ಕೇಳುವ ಬದಲು ಒಂದೇ ಖಾತೆಗೆ ಕೈಲಾದಷ್ಟು ಹಾಕಲು ಹೇಳಿ, ಒಟ್ಟು ಮೊತ್ತವನ್ನಷ್ಟೇ ಓದಿ ಹೇಳುವುದು ಉತ್ತಮ. ಯಾರು ಎಷ್ಟು ಕೊಟ್ಟರೆಂಬುದು ಖಜಾಂಚಿಯಲ್ಲೇ ಉಳಿಯಲಿ. ಸ್ವಂತಕ್ಕೆ ಕೊಳ್ಳಬೇಕೆನ್ನುವವರು ಈ ಕಡೆ ಸಾಮಾನ್ಯವಾಗಿ ಚೀಟಿ ಹಾಕುವ ಮಾತೆತ್ತುತ್ತಾರೆ. ಚೀಟಿಗೆ 1982ರ ಚಿಟ್ ಫಂಡ್ ಕಾಯ್ದೆಯ ಕಟ್ಟುಪಾಡುಗಳಿವೆ. ಸ್ವಸಹಾಯ ಸಂಘಗಳ ಹಾಗೆ ಜಂಟಿ ಖಾತೆ ತೆರೆದು, ಉಳಿತಾಯ ಮಾಡಿ, ಸರದಿಯಂತೆ ಸಾಲ ಪಡೆಯುವುದು ತಂಟೆಯಿಲ್ಲದ ದಾರಿ.

ಸೆಕೆಂಡ್ ಹ್ಯಾಂಡ್ ಸಾಮಾನಿನ ವಿಚಾರದಲ್ಲಿ ಸ್ಥಿತಿವಂತರಿಗೆ ಒಂದು ಮಾತು. ಹೊಸ ಕ್ಯಾಮೆರಾ ಕೊಂಡವರು ಹಳೆಯದನ್ನು ಮೊದಲು ಬಳಗದೊಳಗೇ ತೋರಿಸಬೇಕು, ಬೆಲೆ ಕಟ್ಟಿಯೇ ಕೊಡಬೇಕು. ಪುಕ್ಕಟೆ ಸಿಕ್ಕ ಕ್ಯಾಮೆರಾ ಪಡೆದವರನ್ನು ವರ್ಷಗಟ್ಟಲೆ ಕುಗ್ಗಿಸುತ್ತದೆ. ಕಡಿಮೆ ಬೆಲೆಯಾದರೂ ಕಂತಿನಲ್ಲಾದರೂ ಕೊಂಡದ್ದು ಸ್ವಂತದ್ದು. ಕೊಳ್ಳುವವರು ಲೆನ್ಸಿನ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ನೋಡಬೇಕು. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು, ಮಳೆಗಾಲದಲ್ಲಿ ಮುಚ್ಚಿಟ್ಟ ಲೆನ್ಸಿಗೆ ಹಿಡಿಯುವ ರೋಗ. ಅದು ಗಾಜಿನ ಲೇಪವನ್ನೇ ತಿಂದಿದ್ದರೆ ರಿಪೇರಿಯಿಂದ ಪ್ರಯೋಜನವಿಲ್ಲ. ಎರವಲು ಕೊಡುವ ಸಾಮಾನಿಗೆ ಪುಸ್ತಕದಲ್ಲಿ ಸಹಿ ಇರಲಿ, ಬಿದ್ದು ಒಡೆದರೆ ರಿಪೇರಿ ಬಳಗದ ನಿಧಿಯಿಂದ ಎಂಬ ನಿಯಮವೂ ಇರಲಿ. ನಷ್ಟ ತನ್ನ ತಲೆಗೆ ಬರುತ್ತದೆಂಬ ಭಯವಿದ್ದರೆ ದುಡ್ಡಿಲ್ಲದವರು ಎರವಲನ್ನೇ ಮುಟ್ಟುವುದಿಲ್ಲ.

ಜೊತೆಗಾರರೋ, ಗೈಡೋ?

ಬಳಗಗಳು ಒಡೆಯುವುದು ಹೆಚ್ಚಾಗಿ ಇಲ್ಲಿ. ಪಿಕಳಾರ ಯಾವ ಬಂಡೆಯ ಬಳಿ, ಎಷ್ಟು ಹೊತ್ತಿಗೆ, ಯಾವ ಹಣ್ಣಿಗೆ ಬರುತ್ತದೆಂಬುದು ದಿನವೂ ಆ ದಾರಿಯಲ್ಲಿ ಓಡಾಡುವ ಊರಿನವರಿಗೆ ಗೊತ್ತು. ಬೆಂಗಳೂರಿನಿಂದ ಬಂದವರು ಅದನ್ನು ಕೇಳಿ ತಿಳಿದು, ಹಕ್ಕಿ ನೋಡಿ, ಹೊರಡುವಾಗ ಇನ್ನೂರು ರೂಪಾಯಿ ಕೈಗಿಡುತ್ತಾರೆ. ಕೊಟ್ಟವರ ಮನಸ್ಸಿನಲ್ಲಿ ಅದು ಒಳ್ಳೆಯತನ. ಬೆಳಗಿನಿಂದ ಜೊತೆಯಲ್ಲೇ ಕೂತು ಅಷ್ಟೇ ಉತ್ಸಾಹದಿಂದ ಹಕ್ಕಿ ನೋಡಿದವರಿಗೆ ಮಾತ್ರ, ತಾನು ಇಷ್ಟು ಹೊತ್ತು ಕೂಲಿಗಿದ್ದೆನೆಂದು ಆಗ ತಿಳಿಯುತ್ತದೆ. ಮುಂದಿನ ವಾರ ಅವರು ಒಂದೋ ಬರುವುದಿಲ್ಲ, ಇಲ್ಲವೇ ಇನ್ನೂರಕ್ಕೆ ಕಾಯುತ್ತಾರೆ. ಎರಡೂ ಬಳಗಕ್ಕೆ ನಷ್ಟವೇ.

ಇದರ ವಿರುದ್ಧದ ತಪ್ಪೂ ಅಷ್ಟೇ ದೊಡ್ಡದು. ಗೆಳೆತನದ ಹೆಸರಿನಲ್ಲಿ ಊರಿನ ಹುಡುಗನನ್ನು ವಾರವಾರವೂ ಬೆಟ್ಟ ಹತ್ತಿಸಿ, ಅವನು ತೋರಿಸಿದ ಹಕ್ಕಿಯ ಫೋಟೊ ತನ್ನ ಹೆಸರಿನಲ್ಲಿ ಹಾಕಿಕೊಳ್ಳುವವರಿದ್ದಾರೆ. ಹಾಗಾಗಿ ಹೊರಡುವ ಮೊದಲೇ ಸ್ಪಷ್ಟವಾಗಬೇಕು. ಗೈಡಾಗಿ ಕರೆದರೆ ದಿನದ ಕೂಲಿ ಎಷ್ಟೆಂದು ಮಾತಾಡಿ, ಹಕ್ಕಿ ಸಿಕ್ಕರೂ ಸಿಗದಿದ್ದರೂ ಪೂರ್ತಿ ಕೊಡಬೇಕು. ಜೊತೆಗಾರನಾಗಿ ಕರೆದರೆ ಭಕ್ಷೀಸು ಕೊಡಬಾರದು; ಚಿತ್ರದ ಕೆಳಗೆ, ಪಟ್ಟಿಯಲ್ಲಿ ಅವನ ಹೆಸರು ಬರಬೇಕು. ‘ಹಕ್ಕಿ ತೋರಿಸಿದರೆ ಇಷ್ಟು’ ಎಂಬ ಲೆಕ್ಕವಂತೂ ಬೇಡವೇ ಬೇಡ. ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿಯನ್ನು ಹೊರಗೆಳೆಯುವುದು, ಗೂಡಿನ ಹತ್ತಿರಕ್ಕೆ ಕರೆದೊಯ್ಯುವುದು ಹುಟ್ಟಿಕೊಳ್ಳುವುದು ಆ ಲೆಕ್ಕದಿಂದಲೇ.

ಮಾತು

‘ಎಷ್ಟಾಯ್ತು ಸಾರ್ ಇದಕ್ಕೆ?’ ಎಂಬ ಪ್ರಶ್ನೆ ನಮ್ಮ ಕಡೆ ಕುತೂಹಲದ್ದು, ಚುಚ್ಚುವುದಕ್ಕಲ್ಲ. ಇದ್ದ ಬೆಲೆ ಹೇಳಿದರೆ ಅಲ್ಲಿಗೆ ಮುಗಿಯುತ್ತದೆ. ಮುಚ್ಚಿಟ್ಟರೆ ಊಹೆ ಬೆಳೆಯುತ್ತದೆ. ಅದರ ಬೆನ್ನಿಗೆ ಬರುವ ‘ನಿಮಗೇನು ಬಿಡಿ’ ಎಂಬ ಮಾತು ಬೇರೆ ಜಾತಿಯದು. ಹೆಚ್ಚು ಖರ್ಚು ಮಾಡಬಲ್ಲವರ ಶ್ರಮವನ್ನೆಲ್ಲ ಅದು ಒಂದೇ ಏಟಿಗೆ ಅಳಿಸಿಹಾಕುತ್ತದೆ. ದೊಡ್ಡ ಲೆನ್ಸಿನವರೆಲ್ಲ ಶೋಕಿಯವರು, ಬೈನಾಕ್ಯುಲರಿನವರೇ ನಿಜವಾದ ಪಕ್ಷಿಪ್ರಿಯರು ಎಂಬ ನಂಬಿಕೆಗೂ ಆಧಾರವಿಲ್ಲ. ಎತ್ತರದಲ್ಲಿ ಸುತ್ತುವ ಹದ್ದು ಯಾವ ಬಗೆಯದೆಂಬುದು ಎಷ್ಟೋ ಸಲ ಇತ್ಯರ್ಥವಾಗುವುದು ದುಬಾರಿ ಲೆನ್ಸಿನ ಒಂದು ಚಿತ್ರದಿಂದ. ಇತ್ತ, ದಾಖಲೆಯಲ್ಲಿ ಬೆಲೆಪಟ್ಟಿ ಇರುವುದಿಲ್ಲ. ಭಾರತದ ಹಕ್ಕಿಗಳ ಸ್ಥಿತಿಗತಿ ಕುರಿತ 2023ರ ರಾಷ್ಟ್ರೀಯ ವರದಿ ನಿಂತಿರುವುದು ಸುಮಾರು 30 ಸಾವಿರ ವೀಕ್ಷಕರು ಕೊಟ್ಟ 3 ಕೋಟಿ ದಾಖಲೆಗಳ ಮೇಲೆ. ಬರಿಗಣ್ಣಲ್ಲಿ ಎಣಿಸಿದ ಕೊಕ್ಕರೆಯೂ ಅಲ್ಲಿ ಒಂದು ದಾಖಲೆ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟಿಗೆ ಒಂದು ಕಡೆ ಕನಿಷ್ಠ 15 ನಿಮಿಷ ಹಕ್ಕಿ ಎಣಿಸಿದರಾಯಿತು, ಖರ್ಚೇ ಇಲ್ಲ. ಬಳಗದ ವರ್ಷದ ಮುಖ್ಯ ಕಾರ್ಯಕ್ರಮ ಅದಾಗಲಿ, ಫೋಟೊ ಸ್ಪರ್ಧೆ ಆಮೇಲಿನದು.

ದೂರದ ಪ್ರವಾಸ, ಕೈ ಬಿಗಿಯಾದಾಗ

ಕಬಿನಿ, ದಾಂಡೇಲಿ, ಭರತ್‌ಪುರಗಳಿಗೆ ಹೋಗಬಲ್ಲವರು ಹೋಗಲಿ. ಆದರೆ ಅದನ್ನು ಬಳಗದ ಪ್ರವಾಸವೆಂದು ಘೋಷಿಸಬಾರದು, ಆ ಭಾನುವಾರದ ಊರ ನಡಿಗೆಯನ್ನು ರದ್ದು ಮಾಡಲೂಬಾರದು. ಹೋಗಿಬಂದವರು ಒಂದು ಸಂಜೆ ಚಿತ್ರ ತೋರಿಸಿ ವಿವರಿಸಿದರೆ ಉಳಿದವರಿಗೂ ಪ್ರಯೋಜನ.

ಕೈಯಲ್ಲಿ ಉಳಿಯುವ ಹಣ ಒಂದೇ ವರ್ಷದಲ್ಲಿ ತಲೆಕೆಳಗಾಗಬಹುದು. ಆಲಿಕಲ್ಲು ಮಳೆಗೆ ದ್ರಾಕ್ಷಿ ಹೋಗುತ್ತದೆ, ಗೂಡಿನ ಬೆಲೆ ಕುಸಿಯುತ್ತದೆ, ಐ.ಟಿ. ಕಂಪನಿಯಲ್ಲಿ ಕೆಲಸ ಹೋಗುತ್ತದೆ. ದೊಡ್ಡ ಲೆನ್ಸಿನವರು ಸದ್ದಿಲ್ಲದೆ ಅದನ್ನು ಮಾರಿದಾಗ ಕಾರಣ ಕೆದಕದೆ, ಬಳಗದ ಬೈನಾಕ್ಯುಲರನ್ನು ಅವರ ಕೈಗೂ ಕೊಡಬೇಕು. ಬರುವುದನ್ನು ನಿಲ್ಲಿಸಿದವರಿಗೆ ಗುಂಪಿನಲ್ಲಿ ಸಂದೇಶ ಹಾಕುವುದಕ್ಕಿಂತ ಒಬ್ಬರೇ ಫೋನ್ ಮಾಡಿ ‘ಭಾನುವಾರ ಬಸ್ಸಿಗೆ ಬರ್ತೀರಾ’ ಎಂದು ಕೇಳುವುದು ಒಳ್ಳೆಯದು.

ಏಪ್ರಿಲ್ ಕೊನೆಯ ಹೊತ್ತಿಗೆ ವಲಸೆ ಹಕ್ಕಿಗಳು ಬಹುಪಾಲು ಹೊರಟಿರುತ್ತವೆ. ಲೆಕ್ಕ ಓದಲು, ರಿಪೇರಿಗೆ ಹೋದದ್ದೆಷ್ಟು, ಎರವಲು ಮರಳಿ ಬಂದಿದೆಯೇ ಎಂದು ನೋಡಲು ಅದೇ ಸಮಯ. ಬೈನಾಕ್ಯುಲರುಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಟ್ಟು, ಕೀಲಿಯನ್ನು ಊರಿನಲ್ಲೇ ಇರುವ ಒಬ್ಬರ ಕೈಗೆ ಕೊಟ್ಟರೆ ಮಳೆಗಾಲ ಕಳೆದ ಮೇಲೆ ಮತ್ತೆ ತೆಗೆಯಬಹುದು.