ಊರಲ್ಲೊಂದೂ ಪೋಕೆಸ್ಟಾಪ್ ಇಲ್ಲವೇ?

ಪೋಕೆಸ್ಟಾಪ್ ಆಗಲೆಂದು ನೀವು ಕಳಿಸಿದ ಬಸ್ ನಿಲ್ದಾಣದ ಬೋರ್ಡು, ಹಾಲಿನ ಡೇರಿ ತಿರಸ್ಕೃತವಾದದ್ದಕ್ಕೆ ಬೇಸರ ಬೇಡ. ಅವು ಎಲ್ಲ ಊರಲ್ಲೂ ಇರುವಂಥವೇ. ‘ಪೋಕೆಮಾನ್ ಗೋ’ ಆಟಕ್ಕೆ ಜಾಗ ಆರಿಸುವ ವ್ಯವಸ್ಥೆಯಾದ ವೇಫೇರರ್‌ಗೆ ಬೇಕಿರುವುದು ಜನ ನೋಡಲು, ಬೆರೆಯಲು ಇಲ್ಲವೇ ಮೈ ದಣಿಸಲು ಹೋಗುವ ತಾಣ. ಪತ್ರದ ಕೊನೆಯಲ್ಲಿ ನೀವು ಸುಮ್ಮನೆ ಹೆಸರಿಸಿದ ಕೆರೆ ಏರಿಯ ವೀರಗಲ್ಲೇ ನಿಮ್ಮ ತುರುಪು! ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಲಿಂಗ. ಇಂಥ ಕೆತ್ತನೆ ಬೆಳಗಿನ ಇಲ್ಲವೇ ಸಂಜೆಯ ಓರೆ ಬಿಸಿಲಲ್ಲೇ ಸ್ಪಷ್ಟವಾಗಿ ಮೂಡುವುದು, ಆಗಲೇ ಫೋಟೊ ತೆಗೆಯಿರಿ. ಎರಡನೇ ಫೋಟೊದಲ್ಲಿ ಏರಿ, ಕಾಲುದಾರಿ ಕಾಣಲಿ. ಯಾರ ಮುಖವೂ ಬೇಡ. ಗರಡಿಮನೆ, ಪಂಚಾಯಿತಿ ಗ್ರಂಥಾಲಯ, ನಾಗರಕಲ್ಲಿನ ಅರಳಿಕಟ್ಟೆಯನ್ನೂ ಕಳಿಸಿ ನೋಡಿ. ಬರೀ ಮರ ನಡೆಯದು. ಪ್ರಾಥಮಿಕ ಶಾಲೆ, ಅಂಗನವಾಡಿ, ಮನೆಯಂಗಳದ ತುಳಸಿಕಟ್ಟೆ ಎಷ್ಟೇ ಚೆಂದವಿದ್ದರೂ ನಿಯಮ ಒಪ್ಪದು. ದಾರಿಯಿಲ್ಲದ ಹೊಲದ ನಡುವಿನ ಕಲ್ಲನ್ನಂತೂ ಬಿಟ್ಟುಬಿಡಿ. ಹುಡುಗರು ರಾಗಿ ತುಳಿದರೆ ಬೈಗುಳ ತಿನ್ನುವವರು ನೀವೇ.