ಮೈಯೆಲ್ಲ ನೋವು, ವರದಿ ಮಾತ್ರ ನಾರ್ಮಲ್

"ಪೂರಾ ಬದನ್ ಟೂಟ್ರೈ, ಹಕೀಮ್ ಸಾಬ್." ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಬರುವ ತಾಯಂದಿರ ಬಾಯಲ್ಲಿ ಈ ಮಾತು ಕೇಳದ ವಾರವಿಲ್ಲ. ಕನ್ನಡದಲ್ಲಿ ಹೇಳುವವರು "ಮೈಕೈ ಎಲ್ಲಾ ನೋಯ್ತಾವ್ರಿ, ಅಂಗಾಲು ಉರೀತಾವ್ರಿ" ಎನ್ನುತ್ತಾರೆ. ಕೈಚೀಲದಲ್ಲಿ ಎಕ್ಸ್‌ರೇ, ರಕ್ತದ ವರದಿಗಳ ಕಟ್ಟು ಇರುತ್ತದೆ. ಎಲ್ಲವೂ ನಾರ್ಮಲ್. ಆ ಮೇಲೆ ಮನೆಯವರ ಮಾತು ಎರಡೇ ದಾರಿ ಹಿಡಿಯುತ್ತದೆ: ಒಂದು, ಕೆಲಸ ತಪ್ಪಿಸುವ ನೆಪ, ಇನ್ನೊಂದು, ಯಾರದೋ ನಜರ್. ಹೊಲದಲ್ಲಿ ಕಳೆ ತೆಗೆದು, ಹತ್ತಿ ಬಿಡಿಸಿ, ಮನೆಗೆ ಬಂದು ರೊಟ್ಟಿ ಬಡಿಯುವ ಹೆಂಗಸಿಗೆ ನೆಪ ಹುಡುಕಲು ಸಮಯವಾದರೂ ಎಲ್ಲಿದೆ?

ಮೂರು ತಿಂಗಳಿಗೂ ಹೆಚ್ಚು ಕಾಲ ಮೈಯ ಅನೇಕ ಕಡೆ ನೋವು, ಮಲಗಿ ಎದ್ದರೂ ಹೋಗದ ದಣಿವು, ಮರೆವು, ಇವೆಲ್ಲ ಕೂಡಿ ಬಂದರೆ ಅದು ಫೈಬ್ರೋಮಯಾಲ್ಜಿಯಾ ಇರಬಹುದು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಎಕ್ಸ್‌ರೇಯಲ್ಲಿ ಅದು ಕಾಣುವುದಿಲ್ಲ, ಅದನ್ನು ಗುರುತಿಸುವ ಒಂದೇ ರಕ್ತಪರೀಕ್ಷೆಯೂ ಇಲ್ಲ. ಹಾಗಾಗಿ ವೈದ್ಯರಲ್ಲೇ ಅನೇಕರು ಇದನ್ನು ಬಹುಕಾಲ ಬರೀ ಮನಸ್ಸಿನ ಕಾಯಿಲೆ ಎಂದುಕೊಂಡಿದ್ದರು.

ಅದನ್ನು ಅಲುಗಾಡಿಸಿದ್ದು ಚರ್ಮದ ಒಂದು ಚೂರು. 2013ರಲ್ಲಿ ಅಮೆರಿಕದ ಬೋಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ವೈದ್ಯರು ಈ ಕಾಯಿಲೆಯ 27 ಜನರ ಮೊಣಕಾಲಿನ ಕೆಳಗಿನ ಚರ್ಮವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅವರಲ್ಲಿ ಶೇ. 41 ಜನರಿಗೆ ಚರ್ಮದೊಳಗಿನ ಸಣ್ಣ ನರತಂತುಗಳು ಹಾಳಾಗಿದ್ದವು. ಆರೋಗ್ಯವಂತರಲ್ಲಿ ಅದು ಕೇವಲ ಶೇ. 3. ಅದೇ ವರ್ಷ ಜರ್ಮನಿಯ ವೂರ್ಟ್ಸ್‌ಬುರ್ಗ್‌ನ ವೈದ್ಯರಿಗೂ ಇಂಥದೇ ಹಾನಿ ಕಂಡಿತು. ಆಮೇಲಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಈ ಹಾನಿ ಇದೆ. ಹಾಗೆಂದು ಎರಡೂ ಒಂದೇ ಕಾಯಿಲೆ ಎನ್ನಬೇಡಿ. ಉಳಿದ ಅರ್ಧ ಜನರ ನೋವೂ ಸುಳ್ಳಲ್ಲ; ಫೈಬ್ರೋಮಯಾಲ್ಜಿಯಾದಲ್ಲಿ ಮಿದುಳು ಮತ್ತು ಬೆನ್ನುಹುರಿ ನೋವಿನ ಸಂದೇಶವನ್ನು ದೊಡ್ಡದು ಮಾಡಿ ಕೇಳಿಸಿಕೊಳ್ಳುತ್ತವೆ.

ನಮ್ಮ ನರಗಳಲ್ಲಿ ದಪ್ಪ ತಂತುಗಳೂ ಇವೆ, ಕೂದಲಿಗಿಂತ ಎಷ್ಟೋ ಸಣ್ಣ ತಂತುಗಳೂ ಇವೆ. ಕೈಕಾಲು ಆಡಿಸುವುದು ದಪ್ಪ ತಂತುಗಳ ಕೆಲಸ. ನೋವು, ಬಿಸಿ, ತಂಪು ತಿಳಿಸುವುದು, ಬೆವರು ಬರಿಸುವುದು, ಎದ್ದು ನಿಂತಾಗ ರಕ್ತದೊತ್ತಡ ಸರಿಯಾಗಿಡುವುದು ಸಣ್ಣವುಗಳ ಕೆಲಸ. ಆಸ್ಪತ್ರೆಯಲ್ಲಿ ಕರೆಂಟು ಹಾಯಿಸಿ ಮಾಡುವ ನರ ಪರೀಕ್ಷೆ ದಪ್ಪ ತಂತುಗಳನ್ನಷ್ಟೇ ಅಳೆಯುತ್ತದೆ. ಅದು ನಾರ್ಮಲ್ ಬಂದರೆ ಸಣ್ಣ ತಂತುಗಳೂ ಸರಿಯಿವೆ ಎಂದಲ್ಲ. ರಾತ್ರಿ ಅಂಗಾಲು ಉರಿ, ಸೂಜಿ ಚುಚ್ಚಿದಂತಾಗುವುದು, ಚಾದರ ತಾಗಿದರೂ ನೋವು, ಎದ್ದೊಡನೆ ತಲೆ ತಿರುಗುವುದು ಇದ್ದರೆ ವೈದ್ಯರಿಗೆ ಬಿಡಿಸಿ ಹೇಳಿ. ಬರೀ "ಮೈ ನೋವು" ಎಂದರೆ ಅವರಿಗೆ ತಿಳಿಯದು. ಇಬ್ನ್ ಸೀನಾ ತಮ್ಮ ಅಲ್-ಕಾನೂನ್‌ನಲ್ಲಿ ನೋವಿನ 15 ಬಗೆ ಹೇಳಿದ್ದಾರೆ. ಚುಚ್ಚುವ ನೋವು, ಜೋಮು ಹಿಡಿದ ನೋವು, ದಣಿವಿನ ನೋವು ಅಲ್ಲಿ ಬೇರೆ ಬೇರೆ. ಸಾವಿರ ವರ್ಷದ ಹಿಂದೆ ರೋಗಿಯ ಮಾತನ್ನು ಅಷ್ಟು ಗಮನವಿಟ್ಟು ಕೇಳುತ್ತಿದ್ದರು.

ಇಷ್ಟೆಲ್ಲ ಹೇಳಲು ಕಾರಣವಿದೆ. ಸಣ್ಣ ತಂತುಗಳ ಹಾನಿಗೆ ಹಲವು ಸಲ ಚಿಕಿತ್ಸೆ ಇರುವ ಕಾರಣ ಸಿಗುತ್ತದೆ. ಮೊದಲನೆಯದು ಸಕ್ಕರೆ ಕಾಯಿಲೆ. ಅದು ಇನ್ನೂ ಗಡಿಯಲ್ಲಿರುವಾಗಲೇ ಈ ತಂತುಗಳು ಹಾಳಾಗಬಹುದು. ಬಿ12 ಕೊರತೆಯೂ ನರಗಳನ್ನು ಕೆಡಿಸುತ್ತದೆ, ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಲ್ಲಿ ಬಿ12 ಕಡಿಮೆಯಾಗುವುದುಂಟು. ಥೈರಾಯ್ಡ್ ಕೂಡ ನೋಡಿಸಬೇಕು. ಮೈಮೇಲೆ ಸ್ಪರ್ಶ ತಿಳಿಯದ ತಿಳಿ ಬಣ್ಣದ ಮಚ್ಚೆ ಇದ್ದರೆ ನಾಚದೆ ಸರ್ಕಾರಿ ಆಸ್ಪತ್ರೆಗೆ ಹೋಗಿ; ಕುಷ್ಠರೋಗದ ಔಷಧಿ ಅಲ್ಲಿ ಉಚಿತ, ಪೂರ್ತಿ ಗುಣವಾಗುತ್ತದೆ. ಚರ್ಮದ ಚೂರು ತೆಗೆಯುವ ಪರೀಕ್ಷೆ ನಮ್ಮ ತಾಲೂಕುಗಳಲ್ಲಿ ಸಿಗುವಂಥದಲ್ಲ. ಆದರೆ ಸಕ್ಕರೆ, ಬಿ12, ಥೈರಾಯ್ಡ್ ಪರೀಕ್ಷೆಗೆ ದೂರ ಹೋಗಬೇಕಿಲ್ಲ.

ಅಂಗಾಲು ಉರಿಯುತ್ತದೆಂದು ಕಾಯಿಸಿದ ಇಟ್ಟಿಗೆಯಿಂದ ಶಾಖ ಕೊಡುವ ರೂಢಿ ನಮ್ಮಲ್ಲಿದೆ. ದಯವಿಟ್ಟು ಬೇಡ. ತಂತು ಹಾಳಾದ ಕಾಲಿಗೆ ಬಿಸಿ ತಿಳಿಯದು; ಬೊಬ್ಬೆ ಎದ್ದ ಮೇಲೆಯೇ ಗೊತ್ತಾಗುತ್ತದೆ. ಸಕ್ಕರೆ ಇದ್ದವರಿಗೆ ಆ ಬೊಬ್ಬೆಯಿಂದ ಕಾಲೇ ಹೋಗಬಹುದು. ಚಳಿಗಾಲದಲ್ಲಿ ವುಝೂಗೆ ಹಂಡೆಯ ನೀರು ತೆಗೆದುಕೊಂಡರೆ ಮೊದಲು ಮನೆಯಲ್ಲಿ ಬೇರೆಯವರ ಕೈಯಿಂದ ನೋಡಿಸಿ. ದಿನಕ್ಕೆ ಐದು ಸಲ ಕಾಲು ತೊಳೆಯುವ ನಾವು ಆಗಲೇ ಅಂಗಾಲು, ಬೆರಳ ಸಂದು ನೋಡಿ ಒರೆಸಿಕೊಂಡರೆ ಗಾಯ ಬೇಗ ಕಣ್ಣಿಗೆ ಬೀಳುತ್ತದೆ.

ನನ್ನ ಪದ್ಧತಿಯ ಬಗ್ಗೆಯೂ ಒಂದು ಮಾತು. ಹೆಸರು, ಲೇಬಲ್ ಇಲ್ಲದ ಕುಶ್ತಾ ಪುಡಿಗಳನ್ನು ಯಾರು ಕೊಟ್ಟರೂ ತಿನ್ನಬೇಡಿ. ಅದರಲ್ಲಿ ಸಂಖಿಯಾ, ಸೀಸ ಇದ್ದರೆ ನರಗಳೇ ಸುಡುತ್ತವೆ. ಸಂತೆ ದಿನ ಬಂದು ಚುಚ್ಚುವ ಸ್ಟೀರಾಯ್ಡ್ ಇಂಜೆಕ್ಷನ್ ಈ ನೋವಿಗೆ ಮದ್ದಲ್ಲ. ದಿನಾ ನೋವಿನ ಗುಳಿಗೆ ನುಂಗಿದರೆ ಹೊಟ್ಟೆ, ಮೂತ್ರಪಿಂಡ ಕೆಡುತ್ತವೆ. ಎಣ್ಣೆಯ ಮೃದುವಾದ ದಲ್ಕ್‌ನಿಂದ ಮೈಗೆ ಹಾಯೆನಿಸುತ್ತದೆ, ನಾನೂ ಹೇಳುತ್ತೇನೆ. ಆದರೆ ಅದರಿಂದ ನರ ಮತ್ತೆ ಬೆಳೆಯುತ್ತದೆಂದು ಹೇಳಲಾರೆ. ಅಮಿಟ್ರಿಪ್ಟಿಲಿನ್, ಡುಲಾಕ್ಸೆಟಿನ್, ಪ್ರೆಗಾಬಲಿನ್ ಮಾತ್ರೆಗಳನ್ನು ತಜ್ಞರು ನೋಡಿ ಬರೆಯುತ್ತಾರೆ. "ಇದು ಹುಚ್ಚಿನ ಗುಳಿಗೆ" ಎಂದು ಬಿಸಾಡಬೇಡಿ, ನರದ ನೋವಿಗೂ ಅವೇ ಕೊಡುತ್ತಾರೆ. ಎಲ್ಲಕ್ಕಿಂತ ಹೆಚ್ಚು ಉಪಯೋಗವಾಗುವುದು ನಡಿಗೆ. ಮೊದಲ ವಾರ ಐದು ನಿಮಿಷ, ನಂತರ ಹತ್ತು. ಹುಮ್ಮಸ್ಸಿನಲ್ಲಿ ಒಂದೇ ದಿನ ಒಂದು ತಾಸು ನಡೆದು ಮೂರು ದಿನ ಮಲಗುವುದು ಬೇಡ.

ಮೊಣಕಾಲು, ಸೊಂಟ ನೋಯುವಾಗ ಕುರ್ಚಿಯಲ್ಲಿ ಕೂತು ನಮಾಝ್ ಮಾಡುವ ಸೊಸೆಯನ್ನು "ಇಷ್ಟು ಚಿಕ್ಕ ವಯಸ್ಸಿಗೆ?" ಎಂದು ಕೇಳುವ ಅತ್ತೆಯರಿದ್ದಾರೆ. ಕಾಯಿಲೆಯಿದ್ದ ಇಮ್ರಾನ್ ಬಿನ್ ಹುಸೈನ್(ರ) ಅವರಿಗೆ ನಿಲ್ಲಲಾಗದಿದ್ದರೆ ಕೂತು, ಅದೂ ಆಗದಿದ್ದರೆ ಮಗ್ಗುಲಾಗಿ ಮಲಗಿ ನಮಾಝ್ ಮಾಡಲು ಪ್ರವಾದಿ(ಸ) ಹೇಳಿದ್ದರು. ವಯಸ್ಸು ಎಷ್ಟೆಂದು ಅಲ್ಲಿ ಯಾರೂ ಕೇಳಿರಲಿಲ್ಲ.